ಗುರುವಾರದ ಲೆಕ್ಕ: ಹೌನ್ಸ್ಲೋದಲ್ಲಿ ಕೆಲಸ ಇಲ್ಲದವರು ಎಷ್ಟು ಜನ?

(ಪಶ್ಚಿಮ ಲಂಡನ್ನಿನ ಕನ್ನಡಿಗರ ಭಾನುವಾರದ ಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ. ಒಂದು ಗಂಟೆಗೆ ಊಟ ಅಂತ ಬಾಗಿಲಲ್ಲಿ ಬರೆದು ಅಂಟಿಸಿದ್ದಾರೆ. ಬಿಸಿಬೇಳೆಬಾತಿನ ಒಗ್ಗರಣೆ ವಾಸನೆ ಆಗಲೇ ಇಲ್ಲಿವರೆಗೂ ಬಂದಿದೆ. ನನಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನೋದು ನನಗೆ ಗೊತ್ತು.

ಕಾರ್ಯದರ್ಶಿಗಳು ಫೋನ್ ಮಾಡಿ, "ಮೇಡಂ, ಈ ಸಲ ದಾಸರ ಪದಗಳ ಬಗ್ಗೆ ಮಾತಾಡ್ತೀರಾ?" ಅಂದರು. "ಇಲ್ಲ, ಕ್ಲೇಮಂಟ್ ಕೌಂಟ್, ಅಂದರೆ ಕೆಲಸ ಹುಡುಕುತ್ತಾ ಸರ್ಕಾರದ ಭತ್ಯೆ ತೆಗೆದುಕೊಳ್ಳೋರ ಲೆಕ್ಕ, ಅದರ ಬಗ್ಗೆ ಮಾತಾಡ್ತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಅದಕ್ಕೆ ಹಾರ್ಮೋನಿಯಂ ಬೇಕಾಗುತ್ತಾ ಮೇಡಂ?" ಅಂದರು.

ಕಾರಣ ಇದೆ. ಹೋದ ತಿಂಗಳು ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ನೀವೆಲ್ಲ ನೋಡಿದ್ದೀರಿ. ಹೀಥ್ರೋ ಏರ್‌ಪೋರ್ಟ್ ತುಂಬಿ ತುಳುಕುತ್ತಿದೆ, ಆದರೂ ನಮ್ಮ ಹೌನ್ಸ್ಲೋ ಬರೋದಲ್ಲಿ (ಬರೋ ಅಂದರೆ ಲಂಡನ್ನಿನ ಒಂದು ಆಡಳಿತ ಭಾಗ) ಸರ್ಕಾರದ ದುಡ್ಡು ತಿನ್ನೋರು ಕೋವಿಡ್‌ಗೆ ಮುಂಚೆಗಿಂತ ಜಾಸ್ತಿ, ಜನಕ್ಕೆ ದುಡಿಯೋ ಮನಸ್ಸೇ ಇಲ್ಲ, ಅಂತ. ಜೊತೆಗೆ ಒಂದು ಗ್ರಾಫು. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವರಲ್ಲಿ ಅರ್ಧ ಜನ ಇಲ್ಲೇ ಇದ್ದೀರಿ. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಆ ಗ್ರಾಫು ಸುಳ್ಳಾಗಿದ್ದರೆ ನಾನು ಅಲ್ಲೇ ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಅದು ಸುಳ್ಳಲ್ಲ. ಗೆರೆಯ ಬುಡವನ್ನು ಸೊನ್ನೆಯಿಂದ ಶುರು ಮಾಡಿರಲಿಲ್ಲ, ಅದಕ್ಕೇ ಏರು ಕಡಿದಾಗಿ ಕಾಣುತ್ತಿತ್ತು, ಅಷ್ಟೇ. ಅಂಕಿ ನಿಜ. ಅದರ ಕೆಳಗೆ ಬರೆದ ಮಾತು ತಪ್ಪು. ಇಪ್ಪತ್ತು ವರ್ಷ ಇಂಥ ಅಂಕಿಗಳನ್ನೇ ಹಿಟ್ಟು ಜರಡಿ ಹಿಡಿದ ಹಾಗೆ ಜರಡಿ ಹಿಡಿದು ಸಂಬಳ ತೆಗೆದುಕೊಂಡವಳು ನಾನು. ಈಗ ನಿವೃತ್ತಿ. ನಿವೃತ್ತಿ ಆದ ಮೇಲೆ ಜನಕ್ಕೆ ಫಾರ್ಮ್ ತುಂಬಿಸಿಕೊಡುವ ಸ್ವಯಂಸೇವೆ ಮಾಡುತ್ತೇನೆ. ಗ್ರಾಫಿನ ಆ ಬದಿ, ಈ ಬದಿ ಎರಡೂ ನೋಡಿದ್ದೇನೆ. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ.

ಮೂರು ವಿಷಯ ಹೇಳುತ್ತೇನೆ. ಒಂದು, ಈ ಲೆಕ್ಕ ಮಾಡೋದು ಹೇಗೆ. ಎರಡು, ನಮ್ಮ ಬರೋದಲ್ಲಿ ಅದು ಏರಿದ್ದು ಇಳಿದಿದ್ದು ಯಾಕೆ. ಮೂರು, ಅದರಲ್ಲಿ ಇಲ್ಲದವರು ಯಾರು.

ತಿಂಗಳಲ್ಲಿ ಒಂದು ದಿನ ಈ ಎಣಿಕೆ ನಡೆಯುತ್ತದೆ. ಎರಡನೇ ಗುರುವಾರ. ರಾಯರ ವಾರ ನೋಡಿ, ಇಂಗ್ಲಿಷರಿಗೂ ಗುರುವಾರವೇ ಬೇಕು! ಆ ದಿನ ಯಾರು ಯಾರು ನಿರುದ್ಯೋಗ ಭತ್ಯೆ, ಅಂದರೆ ಜಾಬ್‌ಸೀಕರ್ಸ್ ಅಲೋವೆನ್ಸ್ ತೆಗೆದುಕೊಳ್ಳುತ್ತಿದ್ದಾರೆ, ಜೊತೆಗೆ ಕಮ್ಮಿ ಆದಾಯದವರಿಗೆ, ಕೆಲಸ ಇದ್ದರೂ ಇಲ್ಲದಿದ್ದರೂ, ಸಿಗುವ ಯೂನಿವರ್ಸಲ್ ಕ್ರೆಡಿಟ್ ತೆಗೆದುಕೊಳ್ಳುವವರಲ್ಲಿ ಯಾರಿಗೆ "ನೀನು ಕೆಲಸ ಹುಡುಕಲೇಬೇಕು" ಅನ್ನೋ ಷರತ್ತು ಇದೆ, ಇವರಿಬ್ಬರನ್ನು ಕೂಡಿಸುತ್ತಾರೆ. ಅದೇ ಕ್ಲೇಮಂಟ್ ಕೌಂಟ್. ರಾಷ್ಟ್ರೀಯ ಅಂಕಿಅಂಶ ಕಚೇರಿ ಪ್ರಕಟಿಸುತ್ತದೆ. ನೋಮಿಸ್ ಅಂತ ಒಂದು ವೆಬ್‌ಸೈಟ್ ಇದೆ, ಡರಮ್ ಯೂನಿವರ್ಸಿಟಿಯವರು ನಡೆಸುತ್ತಾರೆ. ಅಲ್ಲಿ ನಿಮ್ಮ ವಾರ್ಡಿನ ಲೆಕ್ಕ ಕೂಡ ಸಿಗುತ್ತದೆ, ಪುಕ್ಕಟೆ. ಹತ್ತಿರದ ಐದಕ್ಕೆ ಸರಿಮಾಡಿ ಕೊಡುತ್ತಾರೆ. ಹಾಗಾಗಿ "ನಮ್ಮ ವಾರ್ಡಿನಲ್ಲಿ ಐದು ಜನ ಜಾಸ್ತಿ ಆದರು" ಅಂತ ಯಾರಾದರೂ ಗಾಬರಿಯಾದರೆ ನೀರು ಕೊಟ್ಟು ಕೂರಿಸಿ.

ಗಮನಿಸಿ, ಇಲ್ಲಿ ಕೆಲಸ ಇಲ್ಲದವರನ್ನು ಎಣಿಸುತ್ತಿಲ್ಲ. ಒಂದು ಬಾಗಿಲು ಇದೆ. ಆ ಬಾಗಿಲಿಗೆ ಬಂದವರನ್ನು ಎಣಿಸುತ್ತಿದ್ದಾರೆ. ಬಾಗಿಲಿಗೆ ಬರಬೇಕು ಅಂದರೆ ಕಾಗದ ಇರಬೇಕು, ಯೂನಿವರ್ಸಲ್ ಕ್ರೆಡಿಟ್ ಆದರೆ ಉಳಿತಾಯ 16,000 ಪೌಂಡಿಗಿಂತ ಕಮ್ಮಿ ಇರಬೇಕು, ವೀಸಾ ಒಪ್ಪಬೇಕು. ಕೆಲಸ ಇಲ್ಲದಿದ್ದರೂ ಬಾಗಿಲಿಗೆ ಬಾರದವರು ಇದ್ದಾರೆ. ಕೆಲಸ ಇದ್ದೂ ಬಾಗಿಲಲ್ಲಿ ನಿಂತವರು ಇದ್ದಾರೆ. ಅದಕ್ಕೇ ಈ ಅಂಕಿ ಏರಿದಾಗ, ಇಳಿದಾಗ, ನಾನು ಮೊದಲು ಕೇಳೋ ಪ್ರಶ್ನೆ ಒಂದೇ: ಕೆಲಸ ಹೋಯಿತಾ, ಬಾಗಿಲು ಸರಿಯಿತಾ? ಇವತ್ತು ಇದನ್ನು ನಾಲ್ಕೈದು ಸಲ ಹೇಳುತ್ತೇನೆ. ನಮ್ಮ ಮನೆಯವರು ಎಣಿಸಲಿಕ್ಕೆ ಅಂತಲೇ ಕೂತಿದ್ದಾರೆ.

ನಮ್ಮೂರಲ್ಲೂ ಇದೇ ಆಗಿತ್ತು. 1986ರಲ್ಲಿ ಬಿ.ಎಸ್ಸಿ. ಮುಗಿಸಿ ಹಾಸನದಲ್ಲಿ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿದೆ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಆ ಕಾರ್ಡು ನೆನಪಿರಬೇಕು. ಆಗಾಗ ಹೋಗಿ ರಿನ್ಯೂ ಮಾಡಿಸಬೇಕು. ನನಗೆ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆದರೂ ಅಪ್ಪ, "ಕಾರ್ಡ್ ಬಿಡಬೇಡ, ಸೀನಿಯಾರಿಟಿ ಹೋಗುತ್ತೆ" ಅಂತ ರಿನ್ಯೂ ಮಾಡಿಸುತ್ತಲೇ ಇದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಒಂದು ಸಲ ಮಾಡಿಸಿದ್ದರು! ಲಂಡನ್ನಿನಲ್ಲಿ ಸೌಟು ಹಿಡಿದು ನಿಂತಿದ್ದ ನಾನು ಹಾಸನದ ಲೆಕ್ಕದಲ್ಲಿ ನಿರುದ್ಯೋಗಿ. ಈಗಿನ ಯುವನಿಧಿ ನೋಡಿ. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ. ಆ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಅನ್ನೋದು ಕರ್ನಾಟಕದ ನಿರುದ್ಯೋಗ ಎಷ್ಟು ಅನ್ನೋದಲ್ಲ. ಆ ಬಾಗಿಲಿಗೆ ಯಾರು ಬರಬಹುದೋ ಅವರ ಲೆಕ್ಕ ಮಾತ್ರ.

ಈ ದೇಶಕ್ಕೂ ಇದು ಹೊಸದಲ್ಲ. 1982ರ ಜನವರಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ದೊಡ್ಡ ಗಲಾಟೆ. ನಮ್ಮ ಬರೋದಲ್ಲೂ ಅದರ ಹೊಡೆತ ಮುಂಚೆಯೇ ಶುರುವಾಗಿತ್ತು. ಬ್ರೆಂಟ್‌ಫರ್ಡಿನ ಗ್ರೇಟ್ ವೆಸ್ಟ್ ರೋಡಿನಲ್ಲಿ ಫೈರ್‌ಸ್ಟೋನ್ ಟೈರ್ ಫ್ಯಾಕ್ಟರಿ 1979ರಲ್ಲಿ ಮುಚ್ಚಿತು. ಮರುವರ್ಷ ಆಗಸ್ಟಿನಲ್ಲಿ, ಬ್ಯಾಂಕ್ ರಜೆಯ ವಾರಾಂತ್ಯ ನೋಡಿಕೊಂಡು, ಆ ಚಂದದ ಮುಂಭಾಗವನ್ನು ಕೆಡವಿ ಹಾಕಿದರು. ಇರಲಿ, ನಾನು ಹೇಳಹೊರಟಿದ್ದು ಬೇರೆ. ಅದೇ 1982ರ ಅಕ್ಟೋಬರಿನಲ್ಲಿ ಲೆಕ್ಕದ ವಿಧಾನ ಬದಲಾಯಿತು. ಅಲ್ಲಿವರೆಗೆ ಜಾಬ್‌ಸೆಂಟರಿನಲ್ಲಿ ಹೆಸರು ಬರೆಸಿದವರನ್ನೆಲ್ಲ ಎಣಿಸುತ್ತಿದ್ದರು. ಅಂದಿನಿಂದ ಭತ್ಯೆ ಕೇಳಿದವರನ್ನು ಮಾತ್ರ. ಗಂಡನ ದುಡಿಮೆ ಇದೆ ಅಂತ ಭತ್ಯೆ ಸಿಗದ ಹೆಂಗಸರು ಒಂದೇ ಏಟಿಗೆ ಲೆಕ್ಕದಿಂದ ಹೊರಗೆ. ಅವರಿಗೆ ಕೆಲಸ ಸಿಕ್ಕಿತಾ? ಎಲ್ಲಿ ಸಿಕ್ಕಿತು? ಬಾಗಿಲು ಸರಿಯಿತು, ಅಷ್ಟೇ.

ಈಗ ಎರಡನೇ ವಿಷಯ. ಇದೇ ಮುಖ್ಯ.

ಹೌನ್ಸ್ಲೋ ಬಗ್ಗೆ ನಿಮಗೆ ನಾನೇನು ಹೇಳೋದು. ಚಿಸಿಕ್‌ನಿಂದ ಫೆಲ್ತಮ್‌ವರೆಗೆ ಉದ್ದಕ್ಕೆ ಮಲಗಿರುವ ಬರೋ. 2021ರ ಜನಗಣತಿಯಲ್ಲಿ 2 ಲಕ್ಷ 88 ಸಾವಿರ ಜನ. ಚಿಸಿಕ್ ಕಡೆ ಕಾಫಿ ಕುಡಿದರೆ ಒಂದು ಲೋಕ, ಕ್ರಾನ್‌ಫರ್ಡಿನಲ್ಲಿ ಚಹಾ ಕುಡಿದರೆ ಇನ್ನೊಂದು ಲೋಕ. ಹೀಥ್ರೋ ಇರೋದು ನಮ್ಮ ಬರೋದಲ್ಲಿ ಅಲ್ಲ, ಪಕ್ಕದ ಹಿಲ್ಲಿಂಗ್ಡನ್‌ನಲ್ಲಿ. ಆದರೆ ಅಲ್ಲಿ ಬ್ಯಾಗ್ ಎತ್ತೋರು, ನೆಲ ಒರೆಸೋರು, ಸೆಕ್ಯೂರಿಟಿ, ಟ್ಯಾಕ್ಸಿ, ಊಟದ ಟ್ರೇ ಜೋಡಿಸೋರು ಮಲಗೋದು ನಮ್ಮಲ್ಲಿ. ಈ ಲೆಕ್ಕದಲ್ಲಿ ಎಲ್ಲಿ ದುಡಿಯುತ್ತೀರಿ ಅನ್ನೋದು ಬರಲ್ಲ, ಎಲ್ಲಿ ಮಲಗುತ್ತೀರಿ ಅನ್ನೋದು ಬರುತ್ತದೆ. ಏರ್‌ಪೋರ್ಟಿಗೆ ಶೀತ ಆದರೆ ಸೀನು ನಮ್ಮ ಬರೋಗೆ...

ಇರಿ, ವಿಮಾನ ಹೋಗಲಿ.

ಹಾಂ. ನೋಡಿ, ಇಲ್ಲಿ ಬೆಳೆದ ಮಕ್ಕಳಿಗೆ ಮಾತಿನ ಮಧ್ಯೆ ನಿಲ್ಲಿಸಿ ಮತ್ತೆ ಅದೇ ಪದದಿಂದ ಶುರು ಮಾಡೋ ಅಭ್ಯಾಸ ಆಗಿಬಿಟ್ಟಿದೆ. 2020ರ ಏಪ್ರಿಲಿನಲ್ಲಿ ಈ ಸದ್ದು ನಿಂತಿತ್ತು. ನಿಮಗೆ ನೆನಪಿದೆ ಅಲ್ವಾ? ಹಕ್ಕಿ ಕೂಗು ಕೇಳಿಸಿತು ಅಂತ ಎಲ್ಲರೂ ವಿಡಿಯೋ ಹಾಕಿದರು. ನನಗೆ ಹೊಟ್ಟೆ ತೊಳಸಿದ ಹಾಗೆ ಆಗುತ್ತಿತ್ತು. 2019ರಲ್ಲಿ ಹೀಥ್ರೋದಲ್ಲಿ ಹತ್ತಿ ಇಳಿದವರು 8 ಕೋಟಿ 9 ಲಕ್ಷ. 2020ರಲ್ಲಿ 2 ಕೋಟಿ 21 ಲಕ್ಷ. 2021ರಲ್ಲಿ ಇನ್ನೂ ಕಮ್ಮಿ, 1 ಕೋಟಿ 94 ಲಕ್ಷ. ಮುಚ್ಚಿದ್ದ ಟರ್ಮಿನಲ್ 4 ಮತ್ತೆ ತೆರೆದದ್ದು 2022ರ ಜೂನಿನಲ್ಲಿ.

ಇಡೀ ದೇಶದಲ್ಲಿ 2020ರ ಮಾರ್ಚ್ 16ರಿಂದ ತಿಂಗಳ ಕೊನೆಯೊಳಗೆ ಒಂಬತ್ತೂವರೆ ಲಕ್ಷ ಜನ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರು. ಮೇ ತಿಂಗಳ ಕ್ಲೇಮಂಟ್ ಕೌಂಟ್ ಮೊದಲು ಪ್ರಕಟವಾದಾಗ 28 ಲಕ್ಷ. ಮಾರ್ಚಿಗಿಂತ 16 ಲಕ್ಷ ಜಾಸ್ತಿ. ನಮ್ಮ ಬರೋದಲ್ಲೂ ಎರಡೇ ತಿಂಗಳಲ್ಲಿ ಎರಡರಷ್ಟು ದಾಟಿತು.

ಆ ಎರಡು ತಿಂಗಳ ಒಬ್ಬರ ಕಥೆ ಹೇಳುತ್ತೇನೆ. ಮುಂಚೆ ಕೇಳಿದವರು ಕ್ಷಮಿಸಿ, ಮತ್ತೆ ಕೇಳಿ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಪಂಜಾಬಿ ಭಾಯಿಸಾಬ್. ಅರವತ್ತರ ಹತ್ತಿರ. 19 ವರ್ಷ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಕೆಲಸ. ಟ್ರೇ ಜೋಡಿಸೋದು. ಬ್ರೆಡ್ ಇಲ್ಲಿ, ಬೆಣ್ಣೆ ಇಲ್ಲಿ, ಚಮಚದ ಕವರ್ ಇಲ್ಲಿ. ಮಾತಾಡುತ್ತಾ ಮಾತಾಡುತ್ತಾ ಅವರ ಕೈ ಮೇಜಿನ ಮೇಲೆ ತಾನೇ ಜೋಡಿಸುತ್ತಿರುತ್ತಿತ್ತು. ಕೊನೆಯ ಕೆಲವು ವರ್ಷ ಏಜೆನ್ಸಿ ಮೂಲಕ. ಮಾರ್ಚ್ ಕೊನೆಯಲ್ಲಿ ಏಜೆನ್ಸಿಯಿಂದ ಮೆಸೇಜ್ ಬಂತು, ಮುಂದಿನ ವಾರ ಶಿಫ್ಟ್ ಇಲ್ಲ ಅಂತ. ಅದಾದ ಮೇಲಿನ ವಾರದ್ದು ಮೆಸೇಜೇ ಬರಲಿಲ್ಲ.

ನನಗೆ ಫೋನ್ ಮಾಡಿದರು. ಲೈಬ್ರರಿ ಮುಚ್ಚಿದೆ, ಮನೆಗೆ ಹೋಗೋ ಹಾಗಿಲ್ಲ, ಎಲ್ಲಾ ಫೋನಿನಲ್ಲೇ. "ಬೆಹನ್‌ಜೀ, ಫಾರ್ಮ್ ತುಂಬಬೇಕಂತೆ." ಸರಿ, ಇಮೇಲ್ ಹೇಳಿ ಅಂದೆ. "ಇಮೇಲ್ ಮಗನ ಹತ್ತಿರ ಇದೆ." ಮಗ ಎಲ್ಲಿ? ಲೆಸ್ಟರಿನಲ್ಲಿ. ಅಪ್ಪನ ಇಮೇಲನ್ನು ಮಗ ತನ್ನ ಫೋನಿನಲ್ಲಿ ಮಾಡಿಕೊಟ್ಟಿದ್ದ. ಕೋಡ್ ಬರೋದು ಅವನ ಫೋನಿಗೆ. ಅವನದು ರಾತ್ರಿ ಪಾಳಿ, ಹಗಲು ನಿದ್ದೆ. ನಾನು ಇಲ್ಲಿಂದ ಕೋಡ್ ಕಳಿಸು ಅಂತ ಒತ್ತಿದರೆ ಅಲ್ಲಿ ಹುಡುಗ ಗೊರಕೆ. ಅವನು ಎದ್ದು ಕೋಡ್ ಹೇಳುವಷ್ಟರಲ್ಲಿ ಅದರ ಗಡುವು ಮುಗಿದಿರುತ್ತಿತ್ತು. ಮತ್ತೆ ಒತ್ತು. ಗುರುತು ದೃಢೀಕರಿಸೋ ಪುಟಕ್ಕೆ ಹೋದರೆ ಅಲ್ಲಿ ಬೇರೆ ಕ್ಯೂ. ನಿಮ್ಮ ಮುಂದೆ ಇಷ್ಟು ಸಾವಿರ ಜನ ಇದ್ದಾರೆ ಅಂತ ಪರದೆ ಮೇಲೆ ಬರುತ್ತಿತ್ತು. ತಿರುಪತಿಯಲ್ಲಾದರೂ ಕೂರೋಕೆ ಜಾಗ ಇರುತ್ತೆ!

ಮೂರು ದಿನ ಹಿಡಿಯಿತು. ಮೂರನೇ ದಿನ ವಿಡಿಯೋ ಕಾಲ್ ಮಾಡಿದರೆ, ಭಾಯಿಸಾಬ್ ಇಸ್ತ್ರಿ ಮಾಡಿದ ಶರಟು ಹಾಕಿ, ಪೇಟ ನೀಟಾಗಿ ಕಟ್ಟಿಕೊಂಡು ಕೂತಿದ್ದಾರೆ. ಯಾಕೆ ಅಂದೆ. "ಸರ್ಕಾರಿ ಕೆಲಸ ಅಲ್ವಾ ಬೆಹನ್‌ಜೀ, ಅವರು ನೋಡಬಹುದು" ಅಂದರು. ಕೊನೆಯ ಬಟನ್ ಒತ್ತಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನಾನು ಬೇಕಾರ್ ಲೆಕ್ಕಕ್ಕೆ ಸೇರಿದೆನಾ?" ಅಂತ ಕೇಳಿದರು. ಹೂಂ ಅಂದೆ. ಆ ತಿಂಗಳ ಎರಡನೇ ಗುರುವಾರದ ಅಂಕಿಯಲ್ಲಿ ಅವರೂ ಒಬ್ಬರು.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆನ್‌ಲೈನ್ ಜರ್ನಲ್ ಇರುತ್ತೆ. ಕೆಲಸ ಹುಡುಕಲು ಇವತ್ತು ಏನು ಮಾಡಿದೆ ಅಂತ ಬರೆಯಬೇಕು. ಮಾರ್ಚ್ 30ರಿಂದ ಮೂರು ತಿಂಗಳು ಸರ್ಕಾರ ಆ ಷರತ್ತನ್ನೇ ತಡೆಹಿಡಿದಿತ್ತು. ಯಾರೂ ಕೆಲಸ ಹುಡುಕಬೇಕಾಗಿರಲಿಲ್ಲ. ಆದರೂ ಭಾಯಿಸಾಬ್ ದಿನಾ ಬೆಳಗ್ಗೆ ಬರೆಯುತ್ತಿದ್ದರು. "ಗುಡ್ ಮಾರ್ನಿಂಗ್ ಸರ್. ಟುಡೇ ಆಲ್ಸೋ ನೋ ಏರೋಪ್ಲೇನ್." ಹಿತ್ತಲಿಗೆ ಹೋಗಿ ಆಕಾಶ ನೋಡಿ ಬಂದು ಬರೆಯೋದು. ಎರಡು ತಿಂಗಳು ಬರೆದರು. ಅವರ ಪಾಲಿಗೆ ಅದೇ ಉದ್ಯೋಗ ವರದಿ. ಸರ್ಕಾರದ ಅಂಕಿಗಿಂತ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ.

ಇನ್ನು ಮುಂದಿನದು ಕೇಳಿ. ಜುಲೈನಲ್ಲಿ ಅವರಿಗೆ ಒಂದು ಸೂಪರ್‌ಮಾರ್ಕೆಟಿನಲ್ಲಿ ಸಂಜೆ ಹೊತ್ತು ಕಪಾಟಿಗೆ ಸಾಮಾನು ತುಂಬುವ ಕೆಲಸ ಸಿಕ್ಕಿತು. ವಾರಕ್ಕೆ ಬರೀ ಹತ್ತು ಗಂಟೆ. ಆಗ ಕನಿಷ್ಠ ಕೂಲಿ ಗಂಟೆಗೆ 8.72 ಪೌಂಡ್. ತಿಂಗಳಿಗೆ ಸುಮಾರು 377 ಪೌಂಡ್ ಆಯಿತು. ನಿಯಮದ ಗೆರೆ ಆಗ ಅದಕ್ಕಿಂತ ಕೆಳಗಿತ್ತು. ಒಬ್ಬರ ದುಡಿಮೆ ಆ ಗೆರೆಗಿಂತ ಮೇಲಿದ್ದರೆ "ನೀನು ದುಡಿಯುತ್ತಿದ್ದೀಯ" ಅಂತ ಬೇರೆ ಗುಂಪಿಗೆ ಹಾಕುತ್ತಾರೆ. ಭತ್ಯೆ ಸ್ವಲ್ಪ ಬರುತ್ತಲೇ ಇರುತ್ತದೆ, ಆದರೆ ಕ್ಲೇಮಂಟ್ ಕೌಂಟಿನಲ್ಲಿ ಹೆಸರು ಇಲ್ಲ. ವಾರಕ್ಕೆ 40 ಗಂಟೆ ದುಡಿಯುತ್ತಿದ್ದ ಮನುಷ್ಯನಿಗೆ ಈಗ ಹತ್ತು ಗಂಟೆ. ಬಾಡಿಗೆ ಅಷ್ಟೇ, ಹೆಂಡತಿಯ ಮಾತ್ರೆ ಅಷ್ಟೇ. ಗ್ರಾಫಿನಲ್ಲಿ ಮಾತ್ರ ಒಬ್ಬ ನಿರುದ್ಯೋಗಿ ಕಮ್ಮಿ.

ಅದೇ ಹೊತ್ತಿಗೆ ಪಕ್ಕದ ಮನೆಯವರು ಫರ್ಲೋದಲ್ಲಿದ್ದರು. ಏರ್‌ಲೈನಿನ ಕಾಯಂ ನೌಕರ. ಸಂಬಳದ ಶೇ. 80, ತಿಂಗಳಿಗೆ 2,500 ಪೌಂಡ್ ಮೀರದ ಹಾಗೆ, ಸರ್ಕಾರ ಕೊಡುತ್ತಿತ್ತು. ಕೆಲಸಕ್ಕೆ ಹೋಗೋ ಹಾಗಿಲ್ಲ, ಆದರೆ ಕೆಲಸ ಇದೆ. ದೇಶದಲ್ಲಿ ಒಟ್ಟು 1 ಕೋಟಿ 17 ಲಕ್ಷ ನೌಕರಿಗಳು ಯಾವಾಗಲಾದರೂ ಒಮ್ಮೆ ಆ ಯೋಜನೆಯ ಕೆಳಗೆ ಬಂದವು. ಅವರು ಯಾರೂ ಈ ಲೆಕ್ಕದಲ್ಲಿಲ್ಲ. ಗೋಡೆಗೆ ಗೋಡೆ ಅಂಟಿದ ಎರಡು ಮನೆ, ಇಬ್ಬರಿಗೂ ವಿಮಾನ ಇಲ್ಲ, ಒಬ್ಬರು ಲೆಕ್ಕದಲ್ಲಿ, ಇನ್ನೊಬ್ಬರು ಇಲ್ಲ. ಏಜೆನ್ಸಿಯವರೂ ಮನಸ್ಸು ಮಾಡಿದ್ದರೆ ಭಾಯಿಸಾಬ್‌ಗೂ ಫರ್ಲೋ ಸಿಗುತ್ತಿತ್ತು. ಮಾಡಲಿಲ್ಲ.

2021ರ ಮೊದಲ ತಿಂಗಳುಗಳಲ್ಲಿ ನಮ್ಮ ಬರೋದ ಅಂಕಿ ಮೇಲೆ ಹೋಗಿ ಅಲ್ಲೇ ಕೂತಿತ್ತು. ಆ ಸೆಪ್ಟೆಂಬರ್ 30ಕ್ಕೆ ಫರ್ಲೋ ನಿಂತಾಗ ಮತ್ತೆ ಏರುತ್ತೆ ಅಂತ ಎಲ್ಲರೂ ಹೆದರಿದ್ದರು. ಏರಲಿಲ್ಲ, ಇಳಿಯುತ್ತಾ ಹೋಯಿತು. ಆದರೆ 2020ರ ಮಾರ್ಚಿನ ಮಟ್ಟಕ್ಕೆ ಮತ್ತೆ ಇಳಿಯಲೇ ಇಲ್ಲ. ಅಷ್ಟರಲ್ಲಿ 2024ರಲ್ಲಿ ಹೀಥ್ರೋ 8 ಕೋಟಿ 39 ಲಕ್ಷ ಜನರನ್ನು ಹತ್ತಿಸಿ ಇಳಿಸಿ ದಾಖಲೆ ಮಾಡಿತು. ಫಾರ್ವರ್ಡ್ ಹೇಳಿದ್ದು ಇದನ್ನೇ. ವಿಮಾನ ತುಂಬಿದೆ, ಕೆಲಸ ಇದೆ, ಜನ ಯಾಕೆ ಇನ್ನೂ ಬಾಗಿಲಲ್ಲಿ?

ನಾನು ಕೇಳೋ ಪ್ರಶ್ನೆ ಗೊತ್ತಲ್ಲ. ಹಾಂ, ಅದೇ. ಬಾಗಿಲು ಸರಿಯಿತಾ?

ಸರಿಯಿತು. ಒಂದು ಸಲ ಅಲ್ಲ, ಮೂರು ಸಲ. ಆ ಗೆರೆ ಇತ್ತಲ್ಲ, ಇಷ್ಟಕ್ಕಿಂತ ಕಮ್ಮಿ ದುಡಿದರೆ ಕೆಲಸ ಹುಡುಕುವವರ ಗುಂಪಿಗೆ ಅನ್ನೋದು. 2022ರ ಸೆಪ್ಟೆಂಬರಿನಲ್ಲಿ ಅದನ್ನು 355ರಿಂದ 494 ಪೌಂಡಿಗೆ ಏರಿಸಿದರು. 2023ರ ಜನವರಿ ಕೊನೆಗೆ 617. 2024ರ ಮೇ ತಿಂಗಳಲ್ಲಿ 892. ಗಂಟೆಯ ಲೆಕ್ಕದಲ್ಲಿ ಹೇಳಬೇಕು ಅಂದರೆ ಕನಿಷ್ಠ ಕೂಲಿಯಲ್ಲಿ ವಾರಕ್ಕೆ 12, ಆಮೇಲೆ 15, ಆಮೇಲೆ 18 ಗಂಟೆ. ಅದಕ್ಕಿಂತ ಕಮ್ಮಿ ದುಡಿಯೋರು ಅದೇ ಕೆಲಸ, ಅದೇ ಸಂಬಳ ಇಟ್ಟುಕೊಂಡೇ ಒಂದು ಬೆಳಗ್ಗೆ ಎದ್ದರೆ ಕೆಲಸ ಹುಡುಕುವವರ ಲೆಕ್ಕದಲ್ಲಿ.

ನಮ್ಮವರೇ ಒಬ್ಬಳು ಹುಡುಗಿ ಇದ್ದಾಳೆ. ಹುಡುಗಿ ಅಂದರೆ ನಲವತ್ತು ವರ್ಷ, ನನಗೆ ಹುಡುಗಿಯೇ. ಮಂಡ್ಯ ಕಡೆಯವಳು, ಈಗ ಇಲ್ಲಿಯ ಪೌರತ್ವ ಇದೆ. ಗಂಡ ಬಿಟ್ಟು ಹೋಗಿದ್ದಾನೆ. ಹನ್ನೊಂದು ವರ್ಷದ ಮಗ. ಬೆಳಗ್ಗೆ ಐದಕ್ಕೆ ಒಂದು ಆಫೀಸ್ ಕಟ್ಟಡ ಕ್ಲೀನ್ ಮಾಡುತ್ತಾಳೆ. ದಿನಕ್ಕೆ ಎರಡೂವರೆ ಗಂಟೆ, ವಾರಕ್ಕೆ ಐದು ದಿನ. ಮಗ ಏಳುವಷ್ಟರಲ್ಲಿ ಮನೆಗೆ ಬಂದು ದೋಸೆ ಹಾಕಬೇಕು. ಗಂಟೆಗೆ ಒಂಬತ್ತೂವರೆ ಪೌಂಡಿನ ಹಾಗೆ ತಿಂಗಳಿಗೆ ಸುಮಾರು 515. ಸೆಪ್ಟೆಂಬರಿನ 494ರ ಗೆರೆಯಲ್ಲಿ ಪಾರಾದಳು. ಜನವರಿಯ 617ರಲ್ಲಿ ಸಿಕ್ಕಿಬಿದ್ದಳು. ಕೆಲಸ ಹುಡುಕಿಸುವ ಸರ್ಕಾರಿ ಅಧಿಕಾರಿಗೆ ಇಲ್ಲಿ ವರ್ಕ್ ಕೋಚ್ ಅನ್ನುತ್ತಾರೆ. ಫೆಬ್ರವರಿಯಲ್ಲಿ ಫೋನ್ ಮಾಡಿದಳು. "ಅಕ್ಕಾ, ವರ್ಕ್ ಕೋಚ್ ಕರೀತಾವ್ರೆ. ನಂಗೆ ಕೆಲಸ ಐತಲ್ಲ, ಮತ್ತೆ ಯಾಕೆ ಕೆಲಸ ಹುಡುಕು ಅಂತಾರೆ?" ಇನ್ನಷ್ಟು ಗಂಟೆ ಹುಡುಕು ಅಂತ ತಾಯಿ, ಅಂದೆ. "ಗಂಟೆ ಕೊಡಿ ಅಂತ ನಾನೇ ಎರಡು ವರ್ಷದಿಂದ ಮ್ಯಾನೇಜರ್ ಹತ್ರ ಕೇಳ್ತಾ ಇವ್ನಿ" ಅಂದಳು.

ಅವಳ ಕೆಲಸ ಹೋಗಲಿಲ್ಲ. ಅವಳ ಸೋಮಾರಿತನ ಏನೂ ಜಾಸ್ತಿ ಆಗಲಿಲ್ಲ. ಬೆಳಗ್ಗೆ ನಾಲ್ಕೂವರೆ ಬಸ್ಸಿನಲ್ಲಿ ಹೋಗೋ ಹೆಂಗಸು ಗ್ರಾಫಿನಲ್ಲಿ ಒಂದು ಚುಕ್ಕೆ ಮೇಲಕ್ಕೆ ಹೋದಳು. ಅದರ ಕೆಳಗೆ ನೀವು "ದುಡಿಯೋ ಮನಸ್ಸಿಲ್ಲ" ಅಂತ ಓದಿ ಹೆಬ್ಬೆಟ್ಟು ಒತ್ತಿದಿರಿ.

ಕ್ಷಮಿಸಿ. ಸ್ವಲ್ಪ ಬಿಸಿಯಾದೆ. ನೀರು ಕೊಡಿ.

ಇಡೀ ಏರಿಕೆ ಇದರಿಂದಲೇ ಅಂತ ನಾನು ಹೇಳುವುದಿಲ್ಲ. ಹಾಗಂದರೆ ನಾನೂ ಒಂದು ಫಾರ್ವರ್ಡ್ ಆಗುತ್ತೇನೆ. ಕೆಲಸ ವಾಪಸ್ ಬಂದಿದ್ದು ನಿಜ, ಅದೇ ಗಂಟೆ, ಅದೇ ಕಾಯಂ ಒಪ್ಪಂದದಲ್ಲಿ ಎಲ್ಲರಿಗೂ ಬರಲಿಲ್ಲ ಅನ್ನೋದು ನಮ್ಮ ಮೇಜಿಗೆ ಬರುವ ಜನರಿಂದ ನನಗೆ ಗೊತ್ತು. ಜನಸಂಖ್ಯೆಯೂ ಬೆಳೆದಿದೆ. ಆದರೆ ಏರಿಕೆಯಲ್ಲಿ ಒಂದು ಪಾಲು ನಿಯಮದ್ದು. ಅಂಕಿಅಂಶ ಕಚೇರಿಯವರೇ ಇದನ್ನು ಪ್ರಕಟಣೆಯ ಕೆಳಗೆ ಬರೆಯುತ್ತಾರೆ. ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ, ಯಾರೂ ಓದುವುದಿಲ್ಲ.

ಇನ್ನೊಂದು. ನಮ್ಮ ಬರೋಗೆ ಯೂನಿವರ್ಸಲ್ ಕ್ರೆಡಿಟ್‌ನ ಪೂರ್ತಿ ಆನ್‌ಲೈನ್ ವ್ಯವಸ್ಥೆ 2016ರಲ್ಲೇ ಬಂತು. ಅಕ್ಕಪಕ್ಕದ ಬರೋಗಳಿಗೆ ಆಮೇಲೆ. ದೇಶವೆಲ್ಲ ಮುಗಿದಿದ್ದು 2018ರ ಕೊನೆಗೆ. ಹಳೇ ಪದ್ಧತಿಗಿಂತ ಇದರಲ್ಲಿ ಜಾಸ್ತಿ ಜನ ಕೆಲಸ ಹುಡುಕುವ ಷರತ್ತಿಗೆ ಒಳಗಾಗುತ್ತಾರೆ. ಮುಂಚೆ ಮನೆ ಬಾಡಿಗೆ ಭತ್ಯೆ ಮಾತ್ರ ತೆಗೆದುಕೊಳ್ಳುತ್ತಿದ್ದವರು, ಗಂಡನ ಹೆಸರಿನ ಅರ್ಜಿಯಲ್ಲಿ ಇದ್ದ ಹೆಂಡತಿ, ಇವರಿಗೂ ಷರತ್ತು ಬಂತು. ಹಾಗಾಗಿ ಆ ಎರಡು ಮೂರು ವರ್ಷ ಹೌನ್ಸ್ಲೋವನ್ನು ಪಕ್ಕದ ಬರೋ ಜೊತೆ ಹೋಲಿಸಿ ಬೈದವರೆಲ್ಲ ಸೇರಿನ ಜೊತೆ ಪಾವು ಹೋಲಿಸಿದ ಹಾಗೆ.

ಹಾಗಾದರೆ ಕ್ಲೇಮಂಟ್ ಕೌಂಟ್ ಬಿಟ್ಟುಬಿಡಿ, ಸಮೀಕ್ಷೆ ನೋಡೋಣ ಅನ್ನುತ್ತೀರಿ. ಮನೆ ಮನೆಗೆ ಕೇಳುವ ಲೇಬರ್ ಫೋರ್ಸ್ ಸರ್ವೆ ಇದೆ. ಒಳ್ಳೆಯ ಸರ್ವೆ. ಆದರೆ 2023ರ ಹೊತ್ತಿಗೆ ಉತ್ತರ ಕೊಡುವವರು ಎಷ್ಟು ಕಮ್ಮಿ ಆದರು ಅಂದರೆ ಅಕ್ಟೋಬರಿನಲ್ಲಿ ಅದರ ಅಂಕಿ ಪ್ರಕಟಿಸೋದನ್ನೇ ನಿಲ್ಲಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿದರು. ನಿಮ್ಮ ಮನೆಗೆ ಆ ಕಾಗದ ಬಂದಾಗ ಏನು ಮಾಡಿದಿರಿ? ಮರುಬಳಕೆ ಡಬ್ಬಿಗೆ ಹಾಕಿದಿರಿ, ಅಲ್ವಾ? ಒಂದು ಬರೋದ ಮಟ್ಟಕ್ಕೆ ಬಂದರೆ ಆ ಸಮೀಕ್ಷೆಯಲ್ಲಿ ಸಿಗೋ ಜನ ಕೈಬೆರಳೆಣಿಕೆ. ಅದಕ್ಕೇ ಬರೋಗಳ ನಿರುದ್ಯೋಗ ಅಂದಾಜು ಮಾಡುವಾಗ ಮತ್ತೆ ಇದೇ ಕ್ಲೇಮಂಟ್ ಕೌಂಟನ್ನೇ ಆಸರೆಗೆ ತೆಗೆದುಕೊಳ್ಳುತ್ತಾರೆ. ಸುತ್ತಿ ಸುತ್ತಿ ಬಾಗಿಲಿಗೇ ಬಂದು ನಿಂತೆವು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. 1921ರಲ್ಲಿ ಪಾಪ್ಲರ್ ಬರೋದ ಕೌನ್ಸಿಲರುಗಳು ಜೈಲಿಗೆ ಹೋದ ಕಥೆ ಹೇಳಬೇಕಂತಿದ್ದೆ. ಬಡ ಬರೋ, ನಿರುದ್ಯೋಗಿಗಳಿಗೆ ಕೊಡೋ ಪರಿಹಾರವನ್ನು ತನ್ನ ಜನರ ತೆರಿಗೆಯಿಂದಲೇ ಕೊಡಬೇಕಿತ್ತು. ಲಂಡನ್ನಿನ ಸಿರಿವಂತ ಬರೋಗಳೂ ಹಂಚಿಕೊಳ್ಳಲಿ ಅಂತ ಹಟ ಹಿಡಿದು 30 ಜನ ಜೈಲು ಸೇರಿದರು. ಬ್ರಿಕ್ಸ್ಟನ್ ಜೈಲಿನೊಳಗೇ ಕೌನ್ಸಿಲ್ ಸಭೆ ನಡೆಸಿದರು! ಆ ಕಥೆಗೇ ಒಂದು ಭಾನುವಾರ ಬೇಕು. ಇನ್ನೊಂದು ಸಲ ಕರೆದರೆ. ವಯಸ್ಸಿನ ಪ್ರಕಾರ ಅಂಕಿ, ವಾರ್ಡುವಾರು ನಕ್ಷೆ ಎಲ್ಲ ತಂದಿದ್ದೆ, ಅವು ಚೀಲದಲ್ಲೇ ಇರಲಿ.

ಮೂರನೇ ವಿಷಯಕ್ಕೆ ಐದೇ ನಿಮಿಷ. ಲೆಕ್ಕದಲ್ಲಿ ಇಲ್ಲದವರು. ಅವರು ಈ ಸಭಾಂಗಣದಲ್ಲೇ ಇದ್ದಾರೆ.

ನಿಮ್ಮಲ್ಲಿ ಎಷ್ಟೋ ಜನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೀರಿ. ಬೆಂಗಳೂರಿನಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ ಕಂಪನಿ ಕಳಿಸಿದವರು ಇದ್ದೀರಿ, ಇಲ್ಲೇ ಓದಿ ಕೆಲಸಕ್ಕೆ ಸೇರಿದವರು ಇದ್ದೀರಿ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿಗೆ ಹಕ್ಕಿಲ್ಲ ಅನ್ನೋ ಸಾಲು ಇದೆ. ನಾಳೆ ಕಂಪನಿ ನಿಮ್ಮನ್ನು ತೆಗೆದರೆ ಯೂನಿವರ್ಸಲ್ ಕ್ರೆಡಿಟ್ ಬಾಗಿಲು ನಿಮಗಿಲ್ಲ. ಕಂಪನಿ ತಿಳಿಸಿದ ಮೇಲೆ ಹೋಮ್ ಆಫೀಸಿನಿಂದ ಕಾಗದ ಬರುತ್ತೆ. ಸಾಮಾನ್ಯವಾಗಿ 60 ದಿನ. ಅಷ್ಟರಲ್ಲಿ ಹೊಸ ಸ್ಪಾನ್ಸರ್, ಅಂದರೆ ವೀಸಾಕ್ಕೆ ಜವಾಬ್ದಾರಿ ಹೊರುವ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲಾ ಮನೆ ಖಾಲಿ ಮಾಡಿ ದೇಶ ಬಿಡಬೇಕು. ಆ 60 ದಿನದಲ್ಲಿ ಎಣಿಕೆಯ ಎರಡು ಗುರುವಾರ ಬಂದು ಹೋಗುತ್ತೆ. ಸಾಮಾನ್ಯವಾಗಿ ಎರಡರಲ್ಲೂ ನೀವು ಇಲ್ಲ. ನಮ್ಮ ಬರೋದ ಗ್ರಾಫು ಅಲುಗಾಡುವುದಿಲ್ಲ.

ಹೋದ ವರ್ಷ ನಮ್ಮಲ್ಲೇ ಒಂದು ಕುಟುಂಬಕ್ಕೆ ಹೀಗಾಯಿತು. ಯಾರಿಗೂ ಹೇಳಲಿಲ್ಲ. ಗಂಡ ದಿನಾ ಬೆಳಗ್ಗೆ ಲ್ಯಾಪ್‌ಟಾಪ್ ಚೀಲ ಹಿಡಿದು ಹೊರಟು ಲೈಬ್ರರಿಯಲ್ಲಿ ಕೂತು ಸಂಜೆ ಬರುತ್ತಿದ್ದರಂತೆ. ಯುಗಾದಿ ಕೂಟಕ್ಕೆ ಬಂದು ಎಲ್ಲರ ಜೊತೆ ಹೋಳಿಗೆ ತಿಂದು ನಕ್ಕು ಹೋದರು. ಊರಿಗೆ ಹೋದ ಮೇಲೆ ಗೊತ್ತಾಯಿತು.

ಒಂದು ಮಾತು ಮಾತ್ರ ಗಮನದಲ್ಲಿಡಿ. ಹೊಸ ಮಾದರಿಯ ಜಾಬ್‌ಸೀಕರ್ಸ್ ಅಲೋವೆನ್ಸ್ ಇದೆಯಲ್ಲ, ಅದು ನಿಮ್ಮ ಸಂಬಳದಲ್ಲಿ ಕಡಿದ ನ್ಯಾಷನಲ್ ಇನ್ಶೂರೆನ್ಸ್ ಮೇಲೆ ನಿಂತಿರೋದು. ಅದು ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ. ಹೆಚ್ಚೆಂದರೆ 182 ದಿನ. 2025ರ ಏಪ್ರಿಲಿನಲ್ಲಿ ಅದು ವಾರಕ್ಕೆ 92.05 ಪೌಂಡ್ ಇತ್ತು. ಲಂಡನ್ನಿನಲ್ಲಿ ಅದು ಯಾವ ಮೂಲೆಗೆ ಅನ್ನುತ್ತೀರಿ, ನಿಜ. ನಿಮ್ಮ ಪರಿಸ್ಥಿತಿಗೆ ಅದು ಸಿಗುತ್ತಾ ಅಂತ ತಿಳಿದವರ ಹತ್ತಿರ ಕೇಳಿ. ವೀಸಾ ಬಗ್ಗೆ ಸಲಹೆ ಮಾತ್ರ ನನ್ನನ್ನು ಕೇಳಬೇಡಿ, ಪರವಾನಗಿ ಇಲ್ಲದೆ ಅದನ್ನು ಹೇಳೋದು ಇಲ್ಲಿ ಅಪರಾಧ. ಯಾರ ಹತ್ತಿರ ಹೋಗಬೇಕು ಅಂತ ಬೇಕಾದರೆ ಹೇಳುತ್ತೇನೆ.

ಸರಿ, ಸರಿ, ಪಾತ್ರೆ ಸದ್ದು ಶುರುವಾಯಿತು. ಊಟ ಮುಗಿದ ಮೇಲೆ ನಾನು ಆ ಹಿಂದಿನ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ, ನಾಲ್ಕು ಗಂಟೆವರೆಗೆ. ಕನ್ನಡಕ ತಂದಿದ್ದೇನೆ. ಯಾವುದಾದರೂ ಕಾಗದ ಬಂದಿದ್ದರೆ ತನ್ನಿ, ಫೋನಿನಲ್ಲಿದ್ದರೂ ಸರಿ. ಜೋರಾಗಿ ಹೇಳಬೇಕಾಗಿಲ್ಲ. ಮಜ್ಜಿಗೆ ಕೇಳೋಕೆ ಬಂದ ಹಾಗೆ ಬಂದು ಕೂತರೆ ಸಾಕು.